ನಾಲಿಗೆಯ ನಕ್ಷೆ, ಅವರೆಕಾಯಿಯ ಸೊಗಡು

ಚಿಕ್ಕಬಳ್ಳಾಪುರದ ಕಡೆ ಚಳಿಗಾಲ ಅಂದರೆ ಅವರೆಕಾಯಿ. ನೆಗಡಿಯೂ ಅದೇ ಕಾಲಕ್ಕೆ ಬರುತ್ತದೆ. ಮೂಗು ಕಟ್ಟಿದವರ ಮುಂದೆ ಮುದ್ದೆ, ಹಿತಕಬೇಳೆ ಸಾರು ಇಡಿ. 'ಬಾಯಿ ಕೆಟ್ಟಿದೆ, ರುಚೀನೇ ಗೊತ್ತಾಗ್ತಿಲ್ಲ' ಅಂತಾರೆ. ಬಾಯಿ ಪಾಪ ಸರಿಯಾಗೇ ಇರುತ್ತದೆ. ಉಪ್ಪು, ಹುಳಿ ತಿಳಿಯುತ್ತದೆ. ಹೋಗಿರುವುದು ಸೊಗಡು. ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯದು. ಮೆದುಳು ಅದನ್ನು ಬಾಯಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ನಮ್ಮ ಹಿರಿಯರು ಆರು ರುಚಿ ಎಣಿಸಿದ್ದರು, ಯುರೋಪಿನವರು ನಾಲ್ಕು. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಉಮಾಮಿ ಎಂಬ ಇನ್ನೊಂದು ರುಚಿ ಕಂಡುಹಿಡಿದರು. ಕೋಲಾರದ ಟೊಮೆಟೊ ಚೆನ್ನಾಗಿ ಹಣ್ಣಾದರೆ ಸಿಗುವುದೂ ಅದೇ ರುಚಿ.

ಗೋಜಲಾಗಿದ್ದು, ಯಾವ ರುಚಿ ನಾಲಿಗೆಯ ಯಾವ ಜಾಗದಲ್ಲಿ ತಿಳಿಯುತ್ತದೆ ಅಂತ ತೋರಿಸುವ ನಾಲಿಗೆಯ ನಕ್ಷೆಯಿಂದ. 1901ರಲ್ಲಿ ಜರ್ಮನಿಯ ಡೇವಿಡ್ ಹೆನಿಗ್ ನಾಲಿಗೆಯ ಅಂಚಿನುದ್ದಕ್ಕೂ ರುಚಿ ಅಳೆದರು. ಜಾಗದಿಂದ ಜಾಗಕ್ಕೆ ಸಿಕ್ಕ ವ್ಯತ್ಯಾಸ ಚೂರೇ ಚೂರು. 1942ರ ಪುಸ್ತಕವೊಂದರಲ್ಲಿ ಅದು ಗ್ರಾಫ್ ಆಯಿತು. ನೋಡಿದವರಿಗೆ ಚೂರು ದೊಡ್ಡದಾಗಿ ಕಂಡಿತು. ತುದಿಗೆ ಸಿಹಿ, ಹಿಂದಕ್ಕೆ ಕಹಿ ಅಂತ ಗಡಿ ಬಿತ್ತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು, ವ್ಯತ್ಯಾಸ ತೀರಾ ಸಣ್ಣದು ಅಂದರು. ಚಿತ್ರ ಮಾತ್ರ ಶಾಲೆಯ ಗೋಡೆಯಿಂದ ಇಳಿಯಲಿಲ್ಲ. ಬಿಡಿಸೋಕೆ ಸುಲಭ, ಅಂಕ ಕೊಡೋಕೂ ಸುಲಭ, ಅಲ್ವಾ? ಹಾಗಲಕಾಯಿ ಚೂರನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ನೋಡಿದ್ದೆ. ಕಹಿಯಾಗೇ ಇತ್ತು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿದ್ದದ್ದನ್ನೇ ಬರೆದೆ. ಅಂಕ ಬಂತು.

ಆಮೇಲೆ ಖಾರದ ಸರದಿ. ಮೆಣಸಿನಕಾಯಿಯ ಖಾರವನ್ನು ಹಿಡಿಯುವ, ನರದಲ್ಲಿರುವ ಗ್ರಾಹಕ ಎಂಬ ಪ್ರೋಟೀನೇ ಸುಡುವ ಬಿಸಿಯನ್ನೂ ಹಿಡಿಯುತ್ತದೆ ಅಂತ 1997ರಲ್ಲಿ ಗೊತ್ತಾಯಿತು. ಇದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ಇದಕ್ಕೇ ನೊಬೆಲ್ ಸಿಕ್ಕಿತು. ಅಂದರೆ ಖಾರ ರುಚಿಯಲ್ಲ, ನೋವು. 'ಬಾಯಿ ಉರಿ' ಅಂತ ನಮ್ಮವರು ಮೊದಲೇ ಸರಿಯಾಗಿ ಹೇಳಿದ್ದರು. ಇದರ ನರವೂ ಬೇರೆ, ವಾಸನೆಯನ್ನು ನೆಚ್ಚಿಕೊಂಡಿಲ್ಲ. ಹಾಗಾಗಿ ನೆಗಡಿಯಲ್ಲೂ ಮೆಣಸಿನ ಸಾರು ಚುರುಕ್ ಅನ್ನುತ್ತದೆ.

ನಿಜವಾದ ರುಚಿಗಳ ಸುದ್ದಿ ಮೂರು ನರಗಳ ಮೂಲಕ ಮೆದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ಮೆದುಳಿನ ನಡುವಿನ ಥಾಲಮಸ್ ದಾಟಿ, ಇನ್ಸುಲಾ ಎಂಬ ಒಳಮಡಿಕೆಯನ್ನು ತಲುಪುತ್ತದೆ. 2015ರಲ್ಲಿ ಅಮೆರಿಕದ ಚಾರ್ಲ್ಸ್ ಜುಕರ್ ತಂಡ ಇಲಿಗಳ ಮೆದುಳಿನ ಈ ಭಾಗವನ್ನು ಬೆಳಕಿನಿಂದ ಕೆಣಕಿತು. ಸಿಹಿಯ ಜಾಗ ಕೆಣಕಿದರೆ ಇಲಿಗಳು ಸಕ್ಕರೆ ಸಿಕ್ಕಂತೆ ಜಾಸ್ತಿ ನೆಕ್ಕಿದವು. ಕಹಿಯ ಜಾಗ ಕೆಣಕಿದರೆ ಓಕರಿಸಿ ಬಾಯಿ ಒರೆಸಿಕೊಂಡವು. ಎರಡೂ ಸಲ ಕೊಟ್ಟಿದ್ದು ಬರೀ ನೀರು.