ರಿಂಗ್ ಆಗ್ತದೆ, ಆದ್ರೆ ಮಾತೇ ಕೇಳುವುದಿಲ್ಲ!

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆಯಲ್ಲಿ ನಮ್ಮದು ಸಣ್ಣ ಟ್ರಾವೆಲ್ಸ್ ಆಫೀಸು. ಈಚೆಗೆ ಇಂಟರ್ನೆಟ್ ಫೋನ್ ಹಾಕಿಸಿದೆವು. ನಾವು ಮಾತಾಡಿದ್ದು ಗಿರಾಕಿಗಳಿಗೆ ಕೇಳುತ್ತದೆ, ಅವರದ್ದು ನಮಗೆ ಕೇಳುವುದಿಲ್ಲ. ಫೋನ್ ಹಾಳಾಗಿದೆಯಾ?

ಉತ್ತರ: ಹೊಸ ಫೋನಿಗೆ ದುಡ್ಡು ಹಾಕಬೇಡಿ. ಸ್ಪೀಕರ್ ಒತ್ತಿ ಒಮ್ಮೆ ಕೇಳಿ ನೋಡಿ. ಅಲ್ಲೂ ಮೌನವಾದರೆ ನನ್ನ ಅನುಮಾನ ರೂಟರ್ ಮೇಲೆ.

ಇಂಟರ್ನೆಟ್ ಫೋನಿನಲ್ಲಿ ಕರೆ ಜೋಡಿಸುವುದು ಬೇರೆ, ಮಾತು ಸಾಗಿಸುವುದು ಬೇರೆ. ರಿಂಗ್ ಆಗುವುದು ಎಸ್‌ಐಪಿ ಅನ್ನುವ ಕರೆ ಜೋಡಿಸುವ ಪದ್ಧತಿಯ ಸಂದೇಶದಿಂದ, ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ. ಪೋರ್ಟ್ ಅಂದರೆ ಡೇಟಾ ಬಂದು ಹೋಗುವ, ನಂಬರಿರುವ ಬಾಗಿಲು ಅಂದುಕೊಳ್ಳಿ. ಮಾತು ಆರ್‌ಟಿಪಿ ಪ್ಯಾಕೆಟ್‌ಗಳಾಗಿ, ಅಂದರೆ ಡೇಟಾದ ಸಣ್ಣ ಸಣ್ಣ ತುಂಡುಗಳಾಗಿ, ಬೇರೆ ಪೋರ್ಟಿನಲ್ಲಿ ಓಡುತ್ತದೆ. ಅದರಲ್ಲೂ ಹೋಗುವ ಮಾತಿಗೊಂದು ದಾರಿ, ಬರುವ ಮಾತಿಗೊಂದು ದಾರಿ. ನಿಮ್ಮಲ್ಲಿ ಬರುವ ದಾರಿ ಮಾತ್ರ ಕಟ್ಟಿದೆ.

ಯಾಕೆ ಗೊತ್ತಾ? ಕರೆ ಜೋಡಿಸುವಾಗ ನಿಮ್ಮ ಫೋನ್ ತನ್ನ ವಿಳಾಸ ಬರೆದು ಕಳಿಸುತ್ತದೆ. ಅದು 192.168.1.20ರಂಥ ಒಳಗಿನ ವಿಳಾಸ. ನಮ್ಮ ಊರುಗಳಲ್ಲಿ 'ಕೆಳಗಿನಮನೆ' ಇರುತ್ತದಲ್ವಾ, ಹಾಗೆ. ಊರೊಳಗೆ ಎಲ್ಲರಿಗೂ ಗೊತ್ತು. ಬೆಂಗಳೂರಿಂದ ಬರೀ 'ಕೆಳಗಿನಮನೆ' ಅಂತ ಬರೆದು ಕಾಗದ ಹಾಕಿದರೆ ಪೋಸ್ಟ್‌ಮ್ಯಾನ್ ಎಲ್ಲಿಗೆ ಹೋಗಬೇಕು ಮಾರಾಯ್ರೆ?

ಈ ವಿಳಾಸ ತಿದ್ದಲೆಂದೇ ಎಷ್ಟೋ ರೂಟರ್‌ಗಳಲ್ಲಿ ಎಸ್‌ಐಪಿ ಎಎಲ್‌ಜಿ ಅನ್ನುವ ಸೌಲಭ್ಯ ಇದೆ. ಉಪಕಾರಕ್ಕಿಂತ ಅದರ ಉಪದ್ರವೇ ಜಾಸ್ತಿ. ಅರ್ಧ ತಿದ್ದಿ ಅರ್ಧ ಬಿಡುತ್ತದೆ. ಮೊದಲು ಅದನ್ನು ಆಫ್ ಮಾಡಿ, ರೂಟರ್ ಮತ್ತು ಫೋನ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಆಗಲೂ ಸರಿಹೋಗದಿದ್ದರೆ ಫೋನಿನ ಸೆಟ್ಟಿಂಗ್‌ನಲ್ಲಿ ಸ್ಟನ್ ಸರ್ವರ್ ಹಾಕಿ. ಹೊರಗಿನವರಿಗೆ ತಾನು ಯಾವ ವಿಳಾಸದಲ್ಲಿ ಕಾಣುತ್ತೇನೆ ಅಂತ ಫೋನ್ ಅಲ್ಲಿ ಕೇಳಿಕೊಳ್ಳುತ್ತದೆ.

ರೂಟರೇ ಕಾರಣವೋ ಅಂತ ನೋಡಲು ಸುಲಭ ದಾರಿಯೂ ಇದೆ. ಮೊಬೈಲಿನಲ್ಲಿ ಎಸ್‌ಐಪಿ ಆ್ಯಪ್ ಹಾಕಿ, ಅದೇ ಲಾಗಿನ್ ಕೊಟ್ಟು, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಕರೆ ಮಾಡಿ. ಎರಡೂ ಕಡೆ ಕೇಳಿದರೆ ಕಳ್ಳ ಸಿಕ್ಕಿದ ಹಾಗೆ.

ಆಫೀಸಿನಲ್ಲೇ ಆಸ್ಟರಿಸ್ಕ್ ಸರ್ವರ್ (ಫೋನ್ ಎಕ್ಸ್‌ಚೇಂಜ್ ಕೆಲಸ ಮಾಡುವ ಸಾಫ್ಟ್‌ವೇರ್ ಇರುವ ಕಂಪ್ಯೂಟರ್) ಇದ್ದರೆ ಕೆಲಸ ಸ್ವಲ್ಪ ಜಾಸ್ತಿ. ಅದರಲ್ಲಿ ಹೊರಗಿನ ಐಪಿ (ಇಂಟರ್ನೆಟ್ ವಿಳಾಸ), ಒಳಗಿನ ನೆಟ್‌ವರ್ಕ್ ಎರಡನ್ನೂ ನಮೂದಿಸಬೇಕು. ಮಾತು ಓಡುವ, ಯುಡಿಪಿ ಅನ್ನುವ ಬಗೆಯ ಪೋರ್ಟ್‌ಗಳನ್ನು, ಸಾಮಾನ್ಯವಾಗಿ 10000ರಿಂದ 20000, ರೂಟರ್‌ನಿಂದ ಸರ್ವರ್‌ಗೆ ತಿರುಗಿಸಬೇಕು. ಸ್ಥಿರ ಐಪಿ ಇಲ್ಲದಿದ್ದರೆ ಮಳೆಗಾಲದಲ್ಲಿ ಜಾಗ್ರತೆ. ಕರೆಂಟು ಹೋಗಿ ಬಂದಾಗ ಐಪಿ ಬದಲಾಗಿರಬಹುದು, ನಿನ್ನೆ ಚೆನ್ನಾಗಿದ್ದ ಫೋನ್ ಇವತ್ತು ಕಿವುಡು.

ಗಿರಾಕಿಗೆ ನಿಮ್ಮ ಮಾತು ಕೇಳದಿದ್ದರೆ ಮಾತ್ರ ಮೊದಲು ಮ್ಯೂಟ್ ಬಟನ್ ನೋಡಿ. ನಗಬೇಡಿ, ನಾನೇ ಒಮ್ಮೆ ಹಾಗೆ ಅರ್ಧ ದಿನ ಕಳೆದಿದ್ದೇನೆ.