60 ವಾಟ್ ಅಂದ್ರೆ ಯಾರ 60 ವಾಟ್?

ತಿಂಗಳಿಗೆ ಒಂದು ಸಲವಾದರೂ ಈ ಫೋನ್ ಬರುತ್ತದೆ. "ಸಾರ್, ನಮ್ಮ ಸಿಸ್‌ಎಂಎಲ್ ಮಾಡೆಲ್ ರೆಡಿ. ಥರ್ಮಲ್ ಟೂಲ್‌ಗೆ ಲಿಂಕ್ ಮಾಡಿಕೊಡ್ತೀರಾ? ಎರಡು ವಾರ ಸಾಕಲ್ವಾ?"

ಸಿಸ್‌ಎಂಎಲ್ ಅಂದರೆ ಇಡೀ ಉಪಗ್ರಹದಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಸೇರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಬರೆದಿಡುವ ಭಾಷೆ. ಥರ್ಮಲ್ ಟೂಲ್ ಅಂದರೆ ಅದರ ಬಿಸಿ-ತಂಪಿನ ಲೆಕ್ಕ ಹಾಕುವ ಸಾಫ್ಟ್‌ವೇರ್. ಎರಡು ವಾರ ಯಾಕೆ, ಎರಡು ದಿನ ಸಾಕು. ಒಂದು ಫೈಲಿಂದ ನಂಬರ್ ತೆಗೆದು ಇನ್ನೊಂದು ಫೈಲಿಗೆ ಹಾಕುವ ಸ್ಕ್ರಿಪ್ಟ್ ಬರೆಯಲು ನಾನು ಬೇಕಾಗಿಯೇ ಇಲ್ಲ, ನಿಮ್ಮ ಇಂಟರ್ನ್ ಹುಡುಗ ಬರೆಯುತ್ತಾನೆ. ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ. "ಮಾಡೆಲ್‌ನಲ್ಲಿ ಟ್ರಾನ್ಸ್‌ಮಿಟರ್ ಪವರ್ 60 ವಾಟ್ ಅಂತಿದೆಯಲ್ಲ, ಅದು ಯಾವ 60?" ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಯಾವುದು ಅಂದ್ರೆ... ಡೇಟಾಶೀಟ್‌ದು ಸಾರ್."

ಇಲ್ಲೇ ನನಗೆ ತಾಳ್ಮೆ ಕೆಡುವುದು.

ಮದುವೆ ಮನೆಯಲ್ಲಿ ಹುಡುಗಿಯ ಅಪ್ಪ "500 ಜನ" ಅಂತ ಎಲ್ಲರಿಗೂ ಹೇಳಿಬಿಡುತ್ತಾರೆ. ಅಡುಗೆ ಭಟ್ಟರಿಗೆ ಬೇಕಿರುವುದು ಎಷ್ಟು ಎಲೆ ಅಂತ. ಛತ್ರದವನಿಗೆ ಒಂದೇ ಹೊತ್ತಿಗೆ ಎಷ್ಟು ಕುರ್ಚಿ ಅಂತ. ತಾಂಬೂಲದ ಚೀಲ ತರುವವರಿಗೆ ಎಷ್ಟು ಮನೆ ಅಂತ. 500 ಅಂದಿದ್ದು ಸುಳ್ಳಲ್ಲ, ಆದರೆ ಮೂವರಲ್ಲಿ ಯಾರಿಗೂ ಉತ್ತರ ಸಿಕ್ಕಿಲ್ಲ. ಉಪಗ್ರಹದ ಮಾಡೆಲ್‌ನಲ್ಲಿ ಪವರ್ ಅಂತ ಒಂದು ನಂಬರ್ ಬರೆದಿಟ್ಟರೂ ಇದೇ ಕಥೆ.

ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಸುತ್ತುವ ಒಂದು ಉಪಗ್ರಹ. ಒಂದು ಸುತ್ತಿಗೆ ಸುಮಾರು 95 ನಿಮಿಷ, ಅದರಲ್ಲಿ ಗ್ರೌಂಡ್ ಸ್ಟೇಷನ್ ಮೇಲೆ ಹಾದುಹೋಗುವಾಗ 10 ನಿಮಿಷ ಮಾತ್ರ ಟ್ರಾನ್ಸ್‌ಮಿಟರ್ ಆನ್. ಆಗ ಅದು ಎಳೆಯುವುದು 60 ವಾಟ್. ಅದರಲ್ಲಿ 15 ವಾಟ್ ಆಂಟೆನಾ ಮೂಲಕ ಹೊರಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಬಾಕ್ಸ್‌ನಲ್ಲಿ ಬಿಸಿಯಾಗಿ ಉಳಿಯುವುದು 45. ಥರ್ಮಲ್‌ನವರಿಗೆ ಬೇಕಾದದ್ದು ಈ 45. ಅವರಲ್ಲೇ ಒಬ್ಬರು ಸುತ್ತಿನ ಸರಾಸರಿ ಕೇಳಿದರೆ ಅದು 4.7. ಬ್ಯಾಟರಿಯವರ ಲೆಕ್ಕವೇ ಬೇರೆ: ಮಧ್ಯದಲ್ಲಿ ವೋಲ್ಟೇಜ್ ಬದಲಿಸುವ ಕನ್ವರ್ಟರ್‌ನ ದಕ್ಷತೆ 85 ಶೇಕಡಾ ಆದರೆ ಬ್ಯಾಟರಿಯಿಂದ ಹೋಗುವುದು 70ಕ್ಕೂ ಜಾಸ್ತಿ, ಆ ಹೆಚ್ಚಿನ ಹತ್ತು ವಾಟ್ ಬಿಸಿ ಮಾಡುವುದು ಬೇರೆ ಬಾಕ್ಸನ್ನು, ಅದು ಬೇರೆ ಪ್ಯಾನೆಲ್ ಮೇಲೆ ಕೂತಿದೆ. 60, 45, 4.7, 70. ನಾಲ್ಕೂ ಸರಿ. ನಾಲ್ಕನ್ನೂ ಜನ ಕರೆಯುವುದು "ಟ್ರಾನ್ಸ್‌ಮಿಟರ್ ಪವರ್" ಅಂತಲೇ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ನಾನೇ ಇದ್ದ ಪ್ರಾಜೆಕ್ಟ್. ಮಾಡೆಲ್ ನೋಡಿಕೊಳ್ಳುತ್ತಿದ್ದ ಹುಡುಗ ಚುರುಕು. ಲಿಂಕ್ ಮಾಡಿದ, ಗುಂಡಿ ಒತ್ತಿದರೆ ಸಾಕು, ಮಾಡೆಲ್‌ನ ಪವರ್ ಎಲ್ಲ ಥರ್ಮಲ್ ನೋಡ್‌ಗಳಿಗೆ, ಅಂದರೆ ಬಿಸಿಯ ಲೆಕ್ಕಕ್ಕೆ ಉಪಗ್ರಹವನ್ನು ಹೋಳು ಮಾಡಿದ ತುಂಡುಗಳಿಗೆ, ಹೋಗಿ ಕೂರುತ್ತಿತ್ತು. ಡೆಮೋ ದಿನ ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. 60 ವಾಟ್ ಪೂರ್ತಿ ಬಿಸಿಯಾಗಿ ಹೋಯಿತು. ಬಿಸಿಯನ್ನು ಆಕಾಶಕ್ಕೆ ಚೆಲ್ಲುವ ರೇಡಿಯೇಟರ್ ದೊಡ್ಡದಾಯಿತು. ದೊಡ್ಡ ರೇಡಿಯೇಟರ್ ಭೂಮಿಯ ನೆರಳಿನಲ್ಲಿ ಜಾಸ್ತಿ ತಣ್ಣಗಾಗುತ್ತದೆ, ಹಾಗಾಗಿ ಹೀಟರ್ ಬೆಳೆಯಿತು. ಹೀಟರ್‌ಗೆ ಕರೆಂಟ್ ಬೇಕಲ್ಲ, ಬ್ಯಾಟರಿಯವರು ಒಂದಷ್ಟು ಸೆಲ್ ಸೇರಿಸಿದರು. ತೂಕ ಏರಿತು. ಎಲ್ಲ ತಾನಾಗಿಯೇ ಅಪ್‌ಡೇಟ್ ಆಗುತ್ತಿತ್ತು, ನೋಡಲು ಚೆಂದ.

ಅಲ್ಲಿ ವಾರಕ್ಕೆ ಎರಡು ದಿನ ಒಬ್ಬ ಹಿರಿಯರು ಬರುತ್ತಿದ್ದರು. ಜೀವನವಿಡೀ ಥರ್ಮಲ್ ಮಾಡಿ ನಿವೃತ್ತರಾದವರು. ಮಾಡೆಲ್ ತೆರೆದು ನೋಡುವ ಅಭ್ಯಾಸ ಅವರಿಗಿಲ್ಲ, ಡೈರಿಯಲ್ಲಿ ಪೆನ್ಸಿಲ್‌ನಿಂದ ಕೂಡಿಸಿ ಕಳೆಯುತ್ತಾರೆ. ರಿವ್ಯೂನಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದವರು ತಲೆ ಎತ್ತಿ ಕೇಳಿದರು: "ಏನಪ್ಪಾ, 60ಕ್ಕೆ 60 ಬಾಕ್ಸ್‌ನಲ್ಲೇ ಬಿಸಿಯಾಗ್ತಿದೆ. ನಿಮ್ಮ ಆಂಟೆನಾ ಕೆಳಗೆ ಏನೂ ಕಳಿಸಲ್ವಾ?"

ಹುಡುಗ ಕೆಂಪಾದ. ನಾನು ನೀರು ಕುಡಿದೆ. ಲಿಂಕ್ ಒಪ್ಪಿಕೊಂಡು ಸಹಿ ಹಾಕಿದವನು ನಾನು ತಾನೇ.

ಈಗ ಯಾರಾದರೂ ಹೇಳುತ್ತಾರೆ, ಹೊಸ ಸಿಸ್‌ಎಂಎಲ್‌ನಲ್ಲಿ ಯೂನಿಟ್ ಎಲ್ಲ ಟೂಲೇ ಚೆಕ್ ಮಾಡುತ್ತೆ ಸಾರ್ ಅಂತ. ಒಳ್ಳೆಯದು, ಖಂಡಿತ ಬಳಸಿ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕೈತಪ್ಪಿ ಹೋಗಿದ್ದು ಯೂನಿಟ್ ತಪ್ಪಿನಿಂದಲೇ. ಒಂದು ಕಡೆ ಪೌಂಡ್ ಲೆಕ್ಕ, ಇನ್ನೊಂದು ಕಡೆ ನ್ಯೂಟನ್ ಲೆಕ್ಕ, ನಡುವೆ 4.45 ಪಟ್ಟು ವ್ಯತ್ಯಾಸ. ಮೆಟ್ರಿಕ್‌ನಲ್ಲೇ ಕೊಡಬೇಕು ಅಂತ ಇಂಟರ್‌ಫೇಸ್ ಡಾಕ್ಯುಮೆಂಟ್‌ನಲ್ಲಿ ಬರೆದೇ ಇತ್ತು, ಅದನ್ನೂ ನೆನಪಿಡಿ. ಆ ಥರದ ತಪ್ಪನ್ನು ಟೂಲ್ ಹಿಡಿಯಬಹುದು. ಆದರೆ ನಮ್ಮ 60 ಕೂಡ ವಾಟ್, 45 ಕೂಡ ವಾಟ್. ಯಾವ ಚೆಕ್ಕರ್ ಕೆಂಪು ಗೆರೆ ಎಳೆಯುತ್ತೆ, ಹೇಳಿ?

ನನಗೆ ಇದಕ್ಕಿಂತ ಹತ್ತಿರ ಅನ್ನಿಸುವುದು ಹೈಗೆನ್ಸ್ ಕಥೆ. ಶನಿಯ ಚಂದ್ರ ಟೈಟನ್ ಮೇಲೆ ಇಳಿಯಬೇಕಿದ್ದ ಯುರೋಪಿನ ನೌಕೆ, 1997ರಲ್ಲಿ ಶನಿಗೆ ಹೊರಟ ನಾಸಾದ ಕ್ಯಾಸಿನಿ ನೌಕೆಯ ಬೆನ್ನೇರಿ ಹೊರಟಿತ್ತು. ಹೈಗೆನ್ಸ್ ಕಳಿಸುವ ಸಿಗ್ನಲನ್ನು ಕ್ಯಾಸಿನಿ ಹಿಡಿದು ಭೂಮಿಗೆ ದಾಟಿಸಬೇಕಿತ್ತು. ಎರಡರ ವೇಗದ ವ್ಯತ್ಯಾಸದಿಂದ ಸಿಗ್ನಲ್‌ಗೆ ಡಾಪ್ಲರ್ ಬರುತ್ತದೆ, ಅಂದರೆ ಫ್ರೀಕ್ವೆನ್ಸಿ ಸರಿಯುತ್ತದೆ ಅಂತ ಗೊತ್ತಿತ್ತು, ಡೇಟಾ ಹೊತ್ತು ತರುವ ಕ್ಯಾರಿಯರ್ ಫ್ರೀಕ್ವೆನ್ಸಿ ಸರಿದರೂ ಕ್ಯಾಸಿನಿಯ ರಿಸೀವರ್ ಹಿಡಿಯುವಂತೆ ಮಾಡಿದ್ದರು. ಅದೇ ಡಾಪ್ಲರ್ ಬಿಟ್ ರೇಟನ್ನೂ, ಅಂದರೆ ಡೇಟಾ ಬಂದು ಸೇರುವ ವೇಗವನ್ನೂ, ಚೂರು ಎಳೆಯುತ್ತದಲ್ಲ, ಅದಕ್ಕೆ ಜಾಗ ಬಿಟ್ಟಿರಲಿಲ್ಲ. 2000ದಲ್ಲಿ ಬೋರಿಸ್ ಸ್ಮೆಡ್ಸ್ ಅನ್ನುವ ಎಂಜಿನಿಯರ್ ಹಟ ಹಿಡಿದು, ಭೂಮಿಯಿಂದಲೇ ಹೈಗೆನ್ಸ್ ಥರದ ಸಿಗ್ನಲ್‌ಗೆ ಡಾಪ್ಲರ್ ಹಾಕಿ ಕ್ಯಾಸಿನಿಗೆ ಕಳಿಸಿ ನೋಡಿದರು. ಡೇಟಾ ಚೂರುಚೂರಾಗಿ ಬಂತು. ಹಾರುತ್ತಿರುವ ನೌಕೆಯ ರಿಸೀವರ್ ಬದಲಿಸಲು ಆಗುತ್ತಾ? ದಾರಿಯನ್ನೇ ಬದಲಿಸಿದರು. ಟೈಟನ್‌ನಿಂದ 1,200 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಿದ್ದ ಕ್ಯಾಸಿನಿ ಸುಮಾರು 65,000 ಕಿಲೋಮೀಟರ್ ಎತ್ತರದಲ್ಲಿ ಹಾಯುವಂತೆ ಮಾಡಿ ಡಾಪ್ಲರ್ ತಗ್ಗಿಸಿದರು. 2005ರ ಜನವರಿ 14ರಂದು ಹೈಗೆನ್ಸ್ ಇಳಿಯಿತು. ಡಾಪ್ಲರ್ ಒಂದೇ, ಅದನ್ನು ಓದಬೇಕಿದ್ದ ಕೈಗಳು ಎರಡು.

ಇನ್ನು ಮಾರ್ಜಿನ್. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋವು ಬಂದಿದೆ. "ಸೇಫ್ ಆಗಿರಲಿ ಅಂತ 20 ಶೇಕಡಾ ಸೇರಿಸಿದ್ದೀವಿ ಸಾರ್." ಯಾರಿಗೆ ಸೇಫ್? ಬ್ಯಾಟರಿಗೆ ಸೇಫ್. ಬಿಸಿಲಲ್ಲಿ ಎಷ್ಟು ಕಾಯುತ್ತದೆ ಅಂತ ನೋಡುವ ಹಾಟ್ ಕೇಸ್‌ಗೂ ಸೇಫ್. ಚಳಿಯಲ್ಲಿ ಎಷ್ಟು ತಣ್ಣಗಾಗುತ್ತದೆ ಅಂತ ನೋಡುವ ಕೋಲ್ಡ್ ಕೇಸ್‌ಗೆ ಅದು ನೇರ ಅಪಾಯ. ಸದಾ ಆನ್ ಇರುವ ರಿಸೀವರ್ 8 ವಾಟ್ ಬಿಸಿ ಕೊಡುತ್ತದೆ ಅನ್ನಿ, ಮಾರ್ಜಿನ್ ಸೇರಿ ಮಾಡೆಲ್‌ನಲ್ಲಿ 9.6 ಕೂತಿದೆ. ಥರ್ಮಲ್ ಹುಡುಗಿ ಅದನ್ನೇ ನಂಬಿ ಹೀಟರ್ ಲೆಕ್ಕ ಹಾಕಿದರೆ, ಇಲ್ಲದ 1.6 ವಾಟ್ ಶಾಖವನ್ನು ನೆಚ್ಚಿಕೊಂಡು ಹೀಟರ್ ಸಣ್ಣದು ಮಾಡಿದ ಹಾಗಾಯಿತು. ಅದರ ಮೇಲೆ ಮದುವೆ ಮನೆಯದೇ ಇನ್ನೊಂದು ರೋಗ: ಅಪ್ಪ 50 ಸೇರಿಸುತ್ತಾರೆ, ಸೋದರಮಾವ 50, ಭಟ್ಟರು ತಮ್ಮ ಲೆಕ್ಕದಲ್ಲಿ ಇನ್ನೊಂದಷ್ಟು. ರಾತ್ರಿ ಉಳಿದ ಹುಳಿ ನೋಡಿ ಎಲ್ಲರಿಗೂ ಆಶ್ಚರ್ಯ. ಮಾಡೆಲ್‌ನಲ್ಲಿ ಮಾರ್ಜಿನ್ ಇಲ್ಲದ ಬರೀ ಅಂದಾಜನ್ನು ಇಡಿ, ಮಾರ್ಜಿನ್ ಪಕ್ಕದಲ್ಲಿ ಬೇರೆ ಇಡಿ. ಯಾವ ಕಡೆಗೆ ಸೇರಿಸಬೇಕು ಅಂತ ಓದುವವರು ನೋಡಿಕೊಳ್ಳುತ್ತಾರೆ.

ಹಾಗಾದರೆ ಥರ್ಮಲ್‌ನವರೂ ಸ್ಟ್ರಕ್ಚರ್‌ನವರೂ ಸಿಸ್‌ಎಂಎಲ್ ಕಲಿಯಲಿ ಅನ್ನುವ ಮ್ಯಾನೇಜರ್‌ಗಳಿದ್ದಾರೆ. ದಯವಿಟ್ಟು ಬೇಡ. ಸಾವಿರಾರು ನೋಡ್‌ಗಳ ಥರ್ಮಲ್ ಮಾಡೆಲ್ ಅದರ ಟೂಲ್‌ನಲ್ಲೇ ಇರಲಿ, ಎಕ್ಸೆಲ್ ಇದ್ದರೆ ಎಕ್ಸೆಲ್ಲೇ ಇರಲಿ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ನೂರ್ಡ್‌ವೈಕ್‌ನಲ್ಲಿ 1998ರಿಂದ ನಡೆಸುತ್ತಿರುವ ಡಿಸೈನ್ ಕೋಣೆಯಲ್ಲಿ ಎಲ್ಲ ವಿಭಾಗದವರೂ ಒಟ್ಟಿಗೆ ಕೂರುತ್ತಾರೆ, ಟೂಲ್ ಅವರವರದೇ. ಹಂಚಿಕೊಳ್ಳುವುದು ಪ್ಯಾರಾಮೀಟರ್‌ಗಳನ್ನು. ಪ್ರತಿ ಪ್ಯಾರಾಮೀಟರ್‌ಗೂ ಒಬ್ಬ ಯಜಮಾನ. ಅವನು ಪ್ರಕಟ ಮಾಡಿದರೆ ಮಾತ್ರ ಬೇರೆಯವರಿಗೆ ಕಾಣುತ್ತದೆ, ಬೇಕಾದವರು ಹೆಸರು ಹಚ್ಚಿ ತೆಗೆದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಸಣ್ಣ ಉಪಗ್ರಹಕ್ಕೆ ಹೀಗೆ ಗಡಿ ದಾಟುವ ನಂಬರ್‌ಗಳು ನೂರರ ಆಸುಪಾಸು. ನಿಮ್ಮಲ್ಲಿ ಜಾಸ್ತಿ ಇರಬಹುದು, ಪ್ರಾಜೆಕ್ಟ್ ನೋಡದೆ ಹೇಳಲಾಗದು.

ಹಾಗಾಗಿ ಈಗ ನಾನು ಸ್ಕ್ರಿಪ್ಟ್‌ಗೆ ಮೊದಲು ಒಂದು ಟೇಬಲ್ ಕೇಳುತ್ತೇನೆ. ನಂಬರ್, ಎಳೆಯುವ ಪವರ್ರಾ ಉಳಿಯುವ ಬಿಸಿಯಾ, ಯಾವ ಮೋಡ್, ಪೀಕಾ ಸರಾಸರಿಯಾ, ಮಾರ್ಜಿನ್ ಒಳಗಾ ಹೊರಗಾ, ಯಜಮಾನ ಯಾರು, ಯಾವ ತಾರೀಖು. ಜನ ಗೊಣಗುತ್ತಾರೆ. ಮಾಡುತ್ತಾರೆ.

ಆ ಹಿರಿಯರು ಈಗಲೂ ಮಾಡೆಲ್ ತೆರೆಯುವುದಿಲ್ಲ. ಟೇಬಲ್ ಪ್ರಿಂಟ್ ಹಾಕಿಸಿಕೊಳ್ಳುತ್ತಾರೆ. ಹೋದ ತಿಂಗಳು ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು: ಬ್ಯಾಟರಿ ಹೀಟರ್, 12 ವಾಟ್. ಪಕ್ಕದಲ್ಲಿ ಎರಡೇ ಪದ. "ಎಷ್ಟು ವೋಲ್ಟಿಗೆ?" ಹೀಟರ್ ಅಂದರೆ ಬರೀ ರೆಸಿಸ್ಟರ್. 28 ವೋಲ್ಟಿಗೆ 12 ವಾಟ್ ಕೊಡುವುದು, ನೆರಳಿನಲ್ಲಿ ಬ್ಯಾಟರಿ ಇಳಿದು 24 ಆದಾಗ 9 ವಾಟ್ ಕೂಡ ಕೊಡುವುದಿಲ್ಲ. ಚಳಿ ಜಾಸ್ತಿ ಇರುವುದೂ ಆಗಲೇ. ಟೇಬಲ್‌ನಲ್ಲಿ ವೋಲ್ಟೇಜ್‌ಗೆ ಕಾಲಂ ಇರಲಿಲ್ಲ. ನನ್ನದೇ ಟೇಬಲ್ ಅದು.