ಒಂದೇ ಸಂಚಿಕೆಗೆ ಬಂದು ಹೋಗುವ ಖಳ

ಹಾಸನದಲ್ಲಿ ನಾನು ನಡೆಸುವ ನಾಟಕ ರಚನೆಯ ತರಗತಿಯಲ್ಲಿ ಪ್ರತಿನಾಯಕನ ಪಾಠ ಬಂದಾಗ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿಗಳ ಕೆಲವು ಸಂಚಿಕೆಗಳನ್ನು ತೋರಿಸುತ್ತೇನೆ. ದುರ್ಯೋಧನ ರಂಗಕ್ಕೆ ಬರುವ ಮೊದಲೇ ಪ್ರೇಕ್ಷಕ ಅವನನ್ನು ಬಲ್ಲ. ಒಂದೇ ಸಂಚಿಕೆಯ ಖಳನಿಗೆ ಆ ಅನುಕೂಲವಿಲ್ಲ. ಮುಕ್ಕಾಲು ಗಂಟೆ, ಹೆಚ್ಚೆಂದರೆ ಐವತ್ತು ನಿಮಿಷದೊಳಗೆ ಅವನು ಪರಿಚಯವಾಗಿ, ಹೆದರಿಸಿ, ಸೋತು ಹೋಗಬೇಕು. ಅಷ್ಟರಲ್ಲೇ ನಾಯಕನ ಪಕ್ಷದಲ್ಲಿರುವ ಲೋಪವನ್ನು ಎತ್ತಿ ತೋರಿಸಿದವನು ಮಾತ್ರ ನೆನಪಿನಲ್ಲಿ ಉಳಿಯುತ್ತಾನೆ ಎಂಬುದು ನನ್ನ ಅನುಭವ.

ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ‘ಬ್ಯಾಲೆನ್ಸ್ ಆಫ್ ಟೆರರ್’ ಸಂಚಿಕೆ 1966ರ ಡಿಸೆಂಬರ್‌ನಲ್ಲಿ ಪ್ರಸಾರವಾಯಿತು. ಅದರಲ್ಲಿ ಮಾರ್ಕ್ ಲೆನಾರ್ಡ್ ನಿರ್ವಹಿಸಿದ ಶತ್ರು ಜನಾಂಗವಾದ ರೋಮುಲನ್ನರ ನೌಕಾಧಿಪತಿಗೆ ಹೆಸರೂ ಇಲ್ಲ. ಯುದ್ಧದಿಂದ ದಣಿದಿದ್ದರೂ ಕರ್ತವ್ಯ ಬಿಡಲಾರದವನು ಅವನು. ರೋಮುಲನ್ನರ ಮುಖ ನಾಯಕ ಕರ್ಕ್‌ನ ನೌಕೆಯ ಅನ್ಯಗ್ರಹ ಮೂಲದ ಅಧಿಕಾರಿ ಸ್ಪಾಕ್‌ನ ಮುಖವನ್ನೇ ಹೋಲುತ್ತದೆ ಎಂದು ತಿಳಿದ ಕೂಡಲೇ ನಾಯಕನ ನೌಕೆಯಲ್ಲಿಯೇ ಒಬ್ಬ ಅಧಿಕಾರಿ ಸ್ಪಾಕ್‌ನನ್ನು ಅನುಮಾನಿಸತೊಡಗುತ್ತಾನೆ. ಬೇರೆ ಪರಿಸ್ಥಿತಿಯಲ್ಲಿ ನಾವು ಗೆಳೆಯರಾಗಬಹುದಿತ್ತು ಎಂದು ಕರ್ಕ್‌ಗೆ ಹೇಳಿ ತನ್ನ ನೌಕೆಯನ್ನು ತಾನೇ ನಾಶಮಾಡಿಕೊಳ್ಳುವ ಶತ್ರು, ಆ ಅಧಿಕಾರಿಗಿಂತ ದೊಡ್ಡವನಾಗಿ ಕಾಣುತ್ತಾನೆ.

ಅದೇ ಧಾರಾವಾಹಿಯ 1967ರ ಜನವರಿಯ ‘ಅರೀನಾ’ ಸಂಚಿಕೆಯಲ್ಲಿ ಬರುವ ಗಾರ್ನ್ ಎಂಬ ಅನ್ಯಗ್ರಹ ಜೀವಿ ರಬ್ಬರಿನ ಹಲ್ಲಿಯ ವೇಷ, ಚಲನೆಯೂ ನಿಧಾನ. ಆದರೆ ‘ನಮ್ಮ ನೆಲದಲ್ಲಿ ಠಾಣೆ ಕಟ್ಟಿದವರು ನೀವು’ ಎಂಬ ಅದರ ವಾದ ಗಟ್ಟಿಯಾದದ್ದು. ಸಕಲೇಶಪುರ, ಆಲೂರು ಕಡೆಯ ವಿದ್ಯಾರ್ಥಿಗಳಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೆ ಆನೆ ಬಂತೋ, ಆನೆಯ ದಾರಿಗೆ ತೋಟ ಬಂತೋ ಎಂಬ ಜಗಳವನ್ನು ಕೇಳುತ್ತಲೇ ಬೆಳೆದವರು ಅವರು. ಕರ್ಕ್ ಬಿದಿರಿನಿಂದ ಮಾಡಿಕೊಂಡ ಫಿರಂಗಿಯಿಂದ ಗೆದ್ದೂ ಗಾರ್ನ್ ಅನ್ನು ಕೊಲ್ಲದೆ ಬಿಡುತ್ತಾನೆ.

ನಾನು ಅತಿ ಹೆಚ್ಚು ಹೊತ್ತು ಚರ್ಚಿಸುವುದು ಡಾಕ್ಟರ್ ಎಂಬ ನಾಯಕನಿರುವ ಬ್ರಿಟಿಷ್ ಧಾರಾವಾಹಿ ‘ಡಾಕ್ಟರ್ ಹೂ’ನ ‘ಮಿಡ್‌ನೈಟ್’ ಸಂಚಿಕೆಯನ್ನು. ರಸೆಲ್ ಟಿ. ಡೇವಿಸ್ ಬರೆದ ಅದು 2008ರ ಜೂನ್ 14ರಂದು ಪ್ರಸಾರವಾಯಿತು. ಅಲ್ಲಿಯ ಜೀವಿಗೆ ವೇಷವಿಲ್ಲ, ಆಕಾರವಿಲ್ಲ, ಹೆಸರೂ ಇಲ್ಲ. (2025ರಲ್ಲಿ ಅದನ್ನು ಮರಳಿ ತಂದರು, ಮೊದಲ ಭೇಟಿಯ ಶಕ್ತಿಯೇ ಬೇರೆ.) ಕೆಟ್ಟು ನಿಂತ ವಾಹನದಲ್ಲಿ ಸ್ಕೈ ಎಂಬ ಪ್ರಯಾಣಿಕಳನ್ನು ಹೊಕ್ಕು, ಅದು ಮೊದಲು ಇತರರ ಮಾತನ್ನು ಮರುನುಡಿಯುತ್ತದೆ, ಆಮೇಲೆ ಅವರೊಂದಿಗೇ ನುಡಿಯುತ್ತದೆ, ಕೊನೆಗೆ ಡಾಕ್ಟರ್‌ಗಿಂತ ಮೊದಲೇ ನುಡಿದು ಅವನ ದನಿಯನ್ನು ಕಸಿದುಕೊಳ್ಳುತ್ತದೆ. ನಟರ ಉಸಿರು ಮತ್ತು ಲಯದಿಂದಲೇ ಹುಟ್ಟುವ ಈ ಭಯವನ್ನು ನಮ್ಮ ಬರಿಯ ರಂಗದ ಮೇಲೂ ತರಬಹುದು. ಸಭ್ಯರಾಗಿದ್ದ ಪ್ರಯಾಣಿಕರು ಒಬ್ಬರ ಹಿಂದೆ ಒಬ್ಬರಂತೆ ಕೊಲೆಗೆ ಒಪ್ಪುತ್ತಾ ಬಂದು ಡಾಕ್ಟರ್‌ನನ್ನು ಹೊರದಬ್ಬಲು ಎಳೆದೊಯ್ಯುತ್ತಾರೆ. ಆ ಜೀವಿಯನ್ನು ಬಿಗಿಯಾಗಿ ಹಿಡಿದು, ತಾನೂ ಹೊರಬಿದ್ದು ಎಲ್ಲರನ್ನೂ ಉಳಿಸುವವಳು ವಾಹನದ ಪರಿಚಾರಿಕೆ. ಆಮೇಲೆ ಡಾಕ್ಟರ್ ಅವಳ ಹೆಸರು ಕೇಳುತ್ತಾನೆ. ಅಲ್ಲಿದ್ದವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.